ಗೂಗಲ್‌ನಲ್ಲಿ ಸೈಟು ಸಿಗುವುದಿಲ್ಲ, ಸಿಕ್ಕರೂ ಜಾಹೀರಾತಿನ ದುಡ್ಡಿಲ್ಲ: ಎಲ್ಲಿ ಸಿಕ್ಕಿಬಿದ್ದಿದೆ ಎಂದು ಪತ್ತೆ ಹಚ್ಚುವುದು

ಕಲಬುರಗಿ, ಬೀದರ್, ಯಾದಗಿರಿ ಕಡೆ ಸೈಟು ನಡೆಸುವವರಲ್ಲಿ ನಾನು ನೋಡಿದಂತೆ ಮೂರು ಜಾತಿ. ಸುದ್ದಿ ಪೋರ್ಟಲ್‌ನವರು, ಕೋಚಿಂಗ್ ಮತ್ತು ನೌಕರಿ ಮಾಹಿತಿ ಹಾಕುವವರು, ಅಂಗಡಿ ಅಥವಾ ಕಸುಬಿನವರು. ಮೂವರ ದೂರೂ ಒಂದೇ: "ಸರ, ಗೂಗಲ್‌ನಾಗ ನಮ್ಮ ಸೈಟ್ ಬರಲತ್ತಿಲ್ರಿ." ಅದಾದ ಮೇಲೆ ಎರಡನೇದು: "ಬಂದ್ರೂ ರೊಕ್ಕ ಬರಲತ್ತಿಲ್ರಿ." ಇಷ್ಟು ಹೇಳಿ ಮುಗಿಯುವಷ್ಟರಲ್ಲಿ ಯಾರೋ ಒಬ್ಬರು ಎಸ್‌ಇಒ (ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಪ್ಯಾಕೇಜು ಅಂತ ಹತ್ತೋ ಹದಿನೈದೋ ಸಾವಿರ ಕೇಳಿರುತ್ತಾರೆ.

ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಪುಟ ತೆರೆಯಬೇಕು, ಗೂಗಲ್ ಅದನ್ನು ಓದಬೇಕು, ಓದಿದ್ದನ್ನು ತನ್ನ ಸೂಚಿಯಲ್ಲಿ ಇಟ್ಟುಕೊಳ್ಳಬೇಕು, ಹುಡುಕಿದವರಿಗೆ ತೋರಿಸಬೇಕು, ಅವರು ಒತ್ತಬೇಕು, ಪುಟದಲ್ಲಿ ಜಾಹೀರಾತು ಮೂಡಬೇಕು, ಅದರ ದುಡ್ಡು ಬ್ಯಾಂಕಿಗೆ ಬರಬೇಕು. ಇದು ಒಂದರ ಹಿಂದೊಂದು ನಡೆಯುವ ಕೆಲಸ. ಮೂರನೇ ಹಂತದಲ್ಲಿ ಸಿಕ್ಕಿಬಿದ್ದಿದ್ದರೆ ಆರನೇ ಹಂತಕ್ಕೆ ಎಷ್ಟು ಖರ್ಚು ಮಾಡಿದರೂ ವ್ಯರ್ಥ. ಆದ್ದರಿಂದ ನಿಮ್ಮ ಕಣ್ಣಿಗೆ ಕಾಣುವ ಲಕ್ಷಣ ಯಾವುದೋ ಅಲ್ಲಿಗೆ ಹೋಗಿ, ಮೇಲಿನಿಂದ ಕೆಳಗೆ ಬನ್ನಿ. ಮೊದಲ ಪರೀಕ್ಷೆಗಳಿಗೆಲ್ಲ ಒಂದು ಪೈಸೆ ಖರ್ಚಿಲ್ಲ.

ಕೈ ಹಚ್ಚುವ ಮುಂಚೆ

ಸೈಟಿನ ಪೂರ್ತಿ ಬ್ಯಾಕಪ್ ತೆಗೆದು ಅದನ್ನು ಸರ್ವರ್‌ನಲ್ಲಿ ಬಿಡದೆ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ಇಮೇಲ್‌ಗೆ ಕಟ್ಟಿದೆ, ಯಾವಾಗ ನವೀಕರಿಸಬೇಕು, ಇವನ್ನು ನೋಡಿಕೊಳ್ಳಿ. ಸೈಟು ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಡೊಮೇನ್ ಇದ್ದು, ಆ ಹುಡುಗ ಈಗ ಹೈದರಾಬಾದಿನಲ್ಲೋ ಪುಣೆಯಲ್ಲೋ ಕೆಲಸಕ್ಕೆ ಸೇರಿ ಫೋನ್ ಎತ್ತದೆ ಇರುವ ಪ್ರಕರಣ ನಮ್ಮ ಕಡೆ ವಿಪರೀತ. ಅದನ್ನು ಮೊದಲು ಸರಿಪಡಿಸಿ, ಮಿಕ್ಕಿದ್ದು ಆಮೇಲೆ.

ರಿಪೇರಿ ಮಾಡುವವರಿಗೆ ಜಿಮೇಲ್ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ಸರ್ಚ್ ಕನ್ಸೋಲ್‌ನಲ್ಲೂ (ಹುಡುಕಾಟದಲ್ಲಿ ಸೈಟಿನ ಸ್ಥಿತಿ ತೋರಿಸುವ ಗೂಗಲ್ ಸಾಧನ) ಆಡ್‌ಸೆನ್ಸ್‌ನಲ್ಲೂ (ಸೈಟಿನಲ್ಲಿ ಜಾಹೀರಾತು ಹಾಕಿ ದುಡ್ಡು ಕೊಡುವ ಗೂಗಲ್ ಸೇವೆ) ಇನ್ನೊಬ್ಬರ ಇಮೇಲನ್ನು ಬಳಕೆದಾರರಾಗಿ ಸೇರಿಸುವ ಸೌಲಭ್ಯ ಇದೆ. ಕೆಲಸ ಮುಗಿದ ದಿನ ತೆಗೆದುಹಾಕಿ.

ಲಕ್ಷಣ: ಸೈಟಿನ ಹೆಸರನ್ನೇ ಹಾಕಿ ಹುಡುಕಿದರೂ ಬರುವುದಿಲ್ಲ

ಗೂಗಲ್ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೇನ್ ಹೆಸರು ಅಂಟಿಸಿ ಹುಡುಕಿ. ನಿಮ್ಮ ಪುಟಗಳು ಸಾಲಾಗಿ ಬಂದರೆ ಗೂಗಲ್‌ಗೆ ನೀವು ಗೊತ್ತು. ಈ ವಿಭಾಗ ಬಿಟ್ಟು ಮುಂದೆ ಹೋಗಿ. ಒಂದೂ ಬರದಿದ್ದರೆ ಬಾಗಿಲು ಎಲ್ಲೋ ಮುಚ್ಚಿದೆ ಎಂದು ತಿಳಿಯಿರಿ.

ಸೈಟು ಶುರುವಾಗಿ ಒಂದು ವಾರವೂ ಆಗಿಲ್ಲವೆಂದರೆ ಸುಮ್ಮನೆ ಕಾಯಿರಿ. ಹೊಸ ಪುಟಗಳನ್ನು ಓದಲು ಕೆಲವು ದಿನದಿಂದ ಕೆಲವು ವಾರದವರೆಗೆ ಹಿಡಿಯುವುದು ಸಹಜ.

ಹಳೆಯ ಸೈಟಾದರೆ, ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದ ಸೆಟ್ಟಿಂಗ್ಸ್‌ಗೆ ಹೋಗಿ ರೀಡಿಂಗ್ ತೆರೆಯಿರಿ. ಕೆಳಗಡೆ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಸೇರಿಸಿಕೊಳ್ಳದಂತೆ ಹೇಳುವ ಒಂದು ಚೌಕ ಇದೆ. ಸೈಟು ಕಟ್ಟುವಾಗ ಅರ್ಧಂಬರ್ಧ ಪುಟ ಗೂಗಲ್‌ಗೆ ಸಿಗದಿರಲಿ ಎಂದು ಅದರಲ್ಲಿ ಗುರುತು ಹಾಕುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ನನ್ನ ಹತ್ತಿರ ಬಂದ "ಏನೂ ಬರಲತ್ತಿಲ್ಲ" ಪ್ರಕರಣಗಳಲ್ಲಿ ಈ ಒಂದು ಚೌಕದಷ್ಟು ಸಲ ಬೇರೆ ಯಾವುದೂ ಸಿಕ್ಕಿಬಿದ್ದಿಲ್ಲ. ಒಂದು ಕೋಚಿಂಗ್ ಕ್ಲಾಸಿನವರು ಇದೇ ಗುರುತು ಇಟ್ಟುಕೊಂಡು ಎಸ್‌ಇಒಗೆ ತಿಂಗಳ ಬಾಡಿಗೆಯಂತೆ ದುಡ್ಡು ಕಟ್ಟುತ್ತಿದ್ದರು. ಆ ಎಸ್‌ಇಒ ಮಾಡುವವರೂ ಅದನ್ನು ತೆರೆದು ನೋಡಿರಲಿಲ್ಲ.

ಅಲ್ಲಿ ಗುರುತು ಇಲ್ಲದಿದ್ದರೆ ಎಸ್‌ಇಒ ಪ್ಲಗಿನ್‌ನಲ್ಲಿ ಆ ಪುಟಕ್ಕೆ ನೋಇಂಡೆಕ್ಸ್ ಹಾಕಿದೆಯೇ ನೋಡಿ. ನಂತರ ಡೊಮೇನ್ ಮುಂದೆ ಓರೆಗೆರೆ ಹಾಕಿ robots.txt ಎಂದು ಬರೆದು ರೋಬಾಟ್ಸ್ ಕಡತವನ್ನು ಬ್ರೌಸರ್‌ನಲ್ಲೇ ತೆರೆಯಿರಿ. ಡಿಸ್‌ಅಲೋ ಎಂಬ ಪದದ ಮುಂದೆ ಬರೀ ಒಂದು ಓರೆಗೆರೆ ಇದ್ದರೆ ಇಡೀ ಸೈಟಿಗೇ ಬೀಗ ಎಂದರ್ಥ. ಇವೆರಡರ ವ್ಯತ್ಯಾಸ ನೆನಪಿಡಿ: ರೋಬಾಟ್ಸ್ ಕಡತ ಓದಬೇಡ ಎನ್ನುತ್ತದೆ, ನೋಇಂಡೆಕ್ಸ್ ತೋರಿಸಬೇಡ ಎನ್ನುತ್ತದೆ. ರೋಬಾಟ್ಸ್‌ನಲ್ಲಿ ತಡೆದುಬಿಟ್ಟರೆ ಗೂಗಲ್ ಪುಟದ ಒಳಗೇ ಬರದ ಕಾರಣ ನೀವು ನೋಇಂಡೆಕ್ಸ್ ಹಾಕಿದ್ದೀರೋ ತೆಗೆದಿದ್ದೀರೋ ಅದಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ ಮೊದಲು ರೋಬಾಟ್ಸ್ ಬೀಗ ತೆಗೆಯಿರಿ.

ಮುಂದಿನದು ಗೂಗಲ್ ಸರ್ಚ್ ಕನ್ಸೋಲ್. ಉಚಿತ. ನಿಮ್ಮ ಡೊಮೇನ್ ಸೇರಿಸಿ, ಮಾಲೀಕರು ನೀವೇ ಎಂದು ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿನ ದಾಖಲೆ) ಒಂದು ಸಾಲು ಹಾಕಿ ತೋರಿಸಿ, ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಸಲ್ಲಿಸಿ. ಮೇಲ್ಗಡೆಯ ಪೆಟ್ಟಿಗೆಯಲ್ಲಿ ಯಾವುದಾದರೂ ಪುಟದ ವಿಳಾಸ ಹಾಕಿದರೆ ಅದು ಸೂಚಿಯಲ್ಲಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಎಂದು ಗೂಗಲ್ಲೇ ಹೇಳುತ್ತದೆ. ಈ ಉತ್ತರ ಕೈಯಲ್ಲಿಲ್ಲದೆ ಯಾರಾದರೂ ನಿಮ್ಮ ಸೈಟಿಗೆ ರಿಪೇರಿ ಸೂಚಿಸಿದರೆ ಅದು ಊಹೆ ಅಷ್ಟೆ.

ಲಕ್ಷಣ: ಮುಖಪುಟ ಬರುತ್ತದೆ, ಒಳಗಿನ ಲೇಖನಗಳು ಬರುವುದಿಲ್ಲ

ಕನ್ನಡ ಸೈಟುಗಳಲ್ಲಿ ಇದಕ್ಕೆ ಇಂಗ್ಲಿಷ್ ಕೈಪಿಡಿಗಳು ಹೇಳದ ಒಂದು ಕಾರಣ ಇದೆ. ನಿಮ್ಮ ಲೇಖನದ ಒಂದು ಸಾಲನ್ನು ಸೈಟಿನಿಂದ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಚಿಂತೆಯಿಲ್ಲ. ಕನ್ನಡ ಎಂಬ ಪದ ದೊಡ್ಡಕ್ಷರದ ಪಿ, ಪೌಂಡ್ ಗುರುತು, ಸಣ್ಣ ಕ್ಯೂ, ಇವುಗಳ ನಡುನಡುವೆ ತಲೆಮೇಲೆ ಗೀಟು ಹೊತ್ತ ಎ ಅಕ್ಷರಗಳು, ಹೀಗೆ ಬಂದರೆ ಅದು ಹಳೆಯ ಆಸ್ಕಿ ಅಕ್ಷರದ ಬರಹ. ಡಿಟಿಪಿ ಅಂಗಡಿಗಳಲ್ಲಿ ಪತ್ರಿಕೆಗೆಂದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಸೈಟಿಗೆ ಸುರಿದಾಗ ಹೀಗಾಗುತ್ತದೆ. ಆ ಫಾಂಟ್ ಇರುವ ನಿಮ್ಮ ಕಂಪ್ಯೂಟರಿನಲ್ಲಿ ಚೆಂದದ ಕನ್ನಡವೇ ಕಾಣುತ್ತದೆ. ಗೂಗಲ್‌ಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ತೊಗರಿ ಧಾರಣೆ ಎಂದು ಹುಡುಕಿದವರಿಗೆ ಆ ಪುಟ ತೋರಿಸಲು ಅದರಲ್ಲಿ ತೊಗರಿ ಎಂಬ ಪದವೇ ಇಲ್ಲ.

ಪರಿಹಾರ ಸುಲಭ, ಕೆಲಸ ಮಾತ್ರ ಉದ್ದ. ಆಸ್ಕಿಯಿಂದ ಯುನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಅಕ್ಷರ ಪದ್ಧತಿ) ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಮೇಲೆ ಕಣ್ಣಾಡಿಸಿ, ಹೆಚ್ಚಾಗಿ ಅಲ್ಲೇ ಎಡವುತ್ತವೆ. ಮುಂದಕ್ಕೆ ಟೈಪ್ ಮಾಡುವವರಿಗೆ ನುಡಿಯ ಯುನಿಕೋಡ್ ಆಯ್ಕೆಯಲ್ಲೇ ಟೈಪ್ ಮಾಡಲು ಹೇಳಿ. ಕೀಲಿಮಣೆ ಅದೇ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ.

ಇದರ ಸೋದರ ಸಮಸ್ಯೆ ಪೋಸ್ಟರು. ವಾಟ್ಸಾಪ್‌ಗೆಂದು ಮಾಡಿದ ಸುದ್ದಿಯ ಚಿತ್ರ, ನೇಮಕಾತಿ ಪ್ರಕಟಣೆಯ ಸ್ಕ್ಯಾನ್ ಪಿಡಿಎಫ್, ಇವನ್ನೇ ಪುಟವೆಂದು ಹಾಕಿ ಕೆಳಗೆ "ಹೆಚ್ಚಿನ ಮಾಹಿತಿಗೆ ಚಿತ್ರ ನೋಡಿ" ಎಂದರೆ ಹುಡುಕಾಟಕ್ಕೆ ಸಿಗುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ. ಕೊನೆಯ ದಿನಾಂಕ, ಹುದ್ದೆ, ವಿದ್ಯಾರ್ಹತೆ, ಶುಲ್ಕ, ಇಷ್ಟನ್ನಾದರೂ ಅಕ್ಷರದಲ್ಲಿ ಬರೆಯಿರಿ.

ಅಕ್ಷರವೂ ಸರಿ ಇದ್ದರೆ ಸರ್ಚ್ ಕನ್ಸೋಲ್‌ನ ಪುಟಗಳ ವರದಿ ತೆರೆಯಿರಿ. ಎರಡು ಕಾರಣಗಳನ್ನು ಹೆಚ್ಚಾಗಿ ನೋಡುತ್ತೀರಿ. "ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಎಂದರೆ ಪುಟ ಇರುವುದು ಗೂಗಲ್‌ಗೆ ಗೊತ್ತು, ಇನ್ನೂ ಓದಲು ಬಂದಿಲ್ಲ. ಸರ್ವರ್ ನಿಧಾನವಾಗಿದ್ದರೆ, ಅಥವಾ ಆ ಪುಟಕ್ಕೆ ನಿಮ್ಮದೇ ಬೇರೆ ಪುಟಗಳಿಂದ ಕೊಂಡಿ ಇಲ್ಲದಿದ್ದರೆ ಹೀಗಾಗುತ್ತದೆ. "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಎಂದರೆ ಓದಿತು, ಓದಿ ಬೇಡವೆಂದಿತು. ಎರಡನೆಯದು ಕಹಿ. ಇಲ್ಲಿ ತಾಂತ್ರಿಕ ದೋಷ ಹುಡುಕುತ್ತಾ ಕೂರಬೇಡಿ.

ಜಿಲ್ಲೆಯ ಹತ್ತು ಪೋರ್ಟಲ್‌ಗಳು ಒಂದೇ ಪತ್ರಿಕಾ ಪ್ರಕಟಣೆಯನ್ನು ಒಂದಕ್ಷರ ಬದಲಿಸದೆ ಹಾಕುತ್ತವೆ. ಹುಡುಕುವವರಿಗೆ ಅದರ ಒಂದು ಪ್ರತಿ ಸಾಕು, ಅದು ನಿಮ್ಮದೇ ಆಗಬೇಕೆಂಬ ನಿಯಮವಿಲ್ಲ. ಅಂಥ ಪುಟಕ್ಕೆ ದಿನಾ ಇಂಡೆಕ್ಸ್ ಮಾಡು ಎಂದು ಅರ್ಜಿ ಹಾಕಿದರೂ ಏನೂ ಆಗದು. ಪ್ರಕಟಣೆಯಲ್ಲಿ "ಜೆಸ್ಕಾಂ ವಿದ್ಯುತ್ ವ್ಯತ್ಯಯ" ಎಂದಿದ್ದರೆ, ಯಾವ ಬಡಾವಣೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಅಲ್ಲಿನ ಬೋರ್‌ವೆಲ್ ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಫೋನ್ ಮಾಡಿ ಕೇಳಿ ಬರೆದ ಪುಟ ನಿಮ್ಮೊಬ್ಬರದೇ.

ಒಂದು ಅಡ್ಡಮಾತು. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟಾಗ ವರ್ಡ್‌ಪ್ರೆಸ್ ಮಾಡುವ ಪುಟದ ವಿಳಾಸ ಅರ್ಧಕ್ಕೆ ತುಂಡಾಗಿರುವುದನ್ನು ನೋಡಿ ಹೆದರುತ್ತಾರೆ. ಪ್ರತಿ ಕನ್ನಡ ಅಕ್ಷರ, ಪ್ರತಿ ಗುಣಿತದ ಗುರುತು ಒಳಗೆ 9 ಚಿಹ್ನೆಗಳಾಗುತ್ತದೆ, ವರ್ಡ್‌ಪ್ರೆಸ್ 200ಕ್ಕೆ ಕತ್ತರಿಸುತ್ತದೆ. ಅದರಿಂದ ಹುಡುಕಾಟಕ್ಕೆ ತೊಂದರೆಯಿಲ್ಲ. ಆದರೆ ಚೆಂದ ಕಾಣಲೆಂದು ಹಳೆಯ ವಿಳಾಸಗಳನ್ನೆಲ್ಲ ಒಮ್ಮೆಗೇ ಬದಲಿಸಿದರೆ ತೊಂದರೆ ಖಂಡಿತ. ಬದಲಿಸಲೇಬೇಕಿದ್ದರೆ ಹಳೆಯದರಿಂದ ಹೊಸದಕ್ಕೆ 301 ತಿರುವು (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ) ಹಾಕಿ.

ಲಕ್ಷಣ: ಗೂಗಲ್‌ನಲ್ಲಿ ಇದೆ, ಆದರೆ ಯಾರೂ ಬರುವುದಿಲ್ಲ

ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಇಂಪ್ರೆಶನ್ (ಹುಡುಕಾಟದಲ್ಲಿ ನಿಮ್ಮ ಪುಟ ಎಷ್ಟು ಸಲ ಕಂಡಿತು), ಕ್ಲಿಕ್, ಸರಾಸರಿ ಸ್ಥಾನ ಮೂರನ್ನೂ ಹಚ್ಚಿಕೊಂಡು ನೋಡಿ. ಇಂಪ್ರೆಶನ್ನೇ ಇಲ್ಲವೆಂದರೆ ನೀವು ಬರೆದಿದ್ದನ್ನು ಜನ ಹುಡುಕುತ್ತಿಲ್ಲ, ಅಥವಾ ಅವರು ಹುಡುಕುವ ಪದ ನಿಮ್ಮ ಪುಟದಲ್ಲಿಲ್ಲ. ಇಂಪ್ರೆಶನ್ ಇದ್ದು ಸ್ಥಾನ ಮೂವತ್ತು ನಲವತ್ತರಲ್ಲಿದ್ದರೆ ನಿಮಗಿಂತ ಚೆನ್ನಾಗಿ ಉತ್ತರಿಸಿದವರು ಮುಂದಿದ್ದಾರೆ. ಸ್ಥಾನ ಐದರೊಳಗಿದ್ದೂ ಕ್ಲಿಕ್ ಇಲ್ಲದಿದ್ದರೆ ಶೀರ್ಷಿಕೆ ಸಪ್ಪೆಯಾಗಿದೆ, ಇಲ್ಲವೇ ಹುಡುಕಾಟದ ಪುಟದಲ್ಲೇ ಉತ್ತರ ಸಿಕ್ಕಿಬಿಡುತ್ತಿದೆ.

ನಮ್ಮ ಭಾಗಕ್ಕೆ ಊರ ಹೆಸರಿನದೇ ಒಂದು ಗಂಟು. 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿಯಾಯಿತು. ಹುಡುಕುವ ಬೆರಳು ಇನ್ನೂ ಪೂರ್ತಿ ಬದಲಾಗಿಲ್ಲ. ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ಎಂದೇ ಇದೆ, ತೊಗರಿಬೇಳೆಗೆ ಸಿಕ್ಕ ಭೌಗೋಳಿಕ ಸೂಚಕದಲ್ಲೂ ಗುಲಬರ್ಗಾ ಎಂದೇ ಇದೆ. ಪರೀಕ್ಷೆ ಫಲಿತಾಂಶ ಹುಡುಕುವ ಹುಡುಗ ಇಂಗ್ಲಿಷಿನಲ್ಲಿ ಗುಲಬರ್ಗಾ ಎನ್ನುತ್ತಾನೆ, ಬಸ್ಸಿನ ವೇಳೆ ಹುಡುಕುವವರು ಕಲಬುರ್ಗಿ ಎನ್ನುತ್ತಾರೆ, ಯಾದಗಿರಿಯನ್ನು ಯಾದಗೀರ್ ಎಂದು ಬರೆಯುವವರಿಗೂ ಕೊರತೆಯಿಲ್ಲ. ಪುಟದ ಶೀರ್ಷಿಕೆಯಲ್ಲಿ ಇಂದಿನ ಹೆಸರು ಇರಲಿ. ಮೊದಲ ಪ್ಯಾರಾದಲ್ಲಿ ಹಳೆಯ ಹೆಸರು ಸಹಜವಾಗಿ ಒಂದು ಸಲ ಬಂದುಹೋಗಲಿ. ಪುಟದ ಬುಡದಲ್ಲಿ ಎಲ್ಲ ಕಾಗುಣಿತಗಳನ್ನೂ ಮಾಲೆ ಕಟ್ಟಿ ತೂಗುಹಾಕುವುದು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಅಡಗಿಸುವುದು ಮಾತ್ರ ಬೇಡ. ಅದನ್ನು ಗೂಗಲ್ ಸ್ಪ್ಯಾಮ್ ಎಂದೇ ಎಣಿಸುತ್ತದೆ.

ಜನ ಏನು ಕೇಳುತ್ತಾರೆ ಎಂಬುದು ಇನ್ನೂ ಮುಖ್ಯ. "ಬೀದರ್ ಕೋಟೆಯ ಇತಿಹಾಸ" ಎಂದು ಬರೆದವರು ಲೆಕ್ಕವಿಲ್ಲ. ಭಾನುವಾರ ಕೋಟೆ ನೋಡಿ ಝರಣಿ ನರಸಿಂಹ ಗುಹೆಯ ನೀರಿನಲ್ಲಿ ನಡೆದು ಬರಬೇಕೆಂದರೆ ಎಷ್ಟು ಹೊತ್ತಿಗೆ ಹೊರಡಬೇಕು, ಬಟ್ಟೆ ಬದಲಿಸಲು ಜಾಗ ಇದೆಯೇ, ಚಿಕ್ಕ ಮಕ್ಕಳನ್ನು ಕರೆದೊಯ್ಯಬಹುದೇ, ಇದನ್ನು ಬರೆದವರು ಕಡಿಮೆ. ಬಿದರಿ ಪಾತ್ರೆ ಮಾರುವವರ ಸೈಟಿನಲ್ಲಿ "ಪಾರಂಪರಿಕ ಕಲೆ" ಎಂಬ ಮಾತು ಹತ್ತು ಸಲ ಇರುತ್ತದೆ. ಕೊಂಡವರು ಕೇಳುವ ಪ್ರಶ್ನೆ ಬೇರೆ: ಕಪ್ಪು ಮಾಸಿದರೆ ಏನು ಹಚ್ಚಬೇಕು, ಬೆಳ್ಳಿ ಎಳೆ ಅಸಲಿಯೇ ಎಂದು ಹೇಗೆ ಗುರುತಿಸುವುದು. ಸತು ಮತ್ತು ತಾಮ್ರದ ಎರಕಕ್ಕೆ ಕೋಟೆಯ ಮಣ್ಣಿನ ದ್ರಾವಣ ಹಚ್ಚಿ ಕಪ್ಪು ಮಾಡುವ ಕುಶಲಕರ್ಮಿಯೇ ಇದಕ್ಕೆ ಉತ್ತರ ಹೇಳಿದರೆ ಅದಕ್ಕೆ ಸಾಟಿ ಬೇರೆ ಪುಟವಿಲ್ಲ.

ಅಂಗಡಿ, ದವಾಖಾನೆ, ಗ್ಯಾರೇಜಿನವರಿಗೆ ಬೇರೆಯೇ ಮಾತು. ನಿಮಗೆ ಬೇಕಿರುವುದು ಬಹುತೇಕ ಸೈಟಲ್ಲ, ಗೂಗಲ್ ಬಿಸಿನೆಸ್ ಪ್ರೊಫೈಲ್. ಅದೂ ಉಚಿತ. ಜಗತ್ ಸರ್ಕಲ್ ಹತ್ತಿರ ನಿಂತು ಪಂಕ್ಚರ್ ಅಂಗಡಿ ಹುಡುಕುವವನಿಗೆ ನಕಾಶೆ ಸಾಕು.

ವೇಗದ ಬಗ್ಗೆ ಬಹಳ ಹೇಳುವುದಿಲ್ಲ. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಅಂಕಣ ನೋಡಿ, ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಿದರೆ ಸರಿ. ಮೂಡದಿದ್ದರೆ ಕ್ಯಾಮೆರಾದಿಂದ ನೇರ ಹಾಕಿದ ದೊಡ್ಡ ಫೋಟೋಗಳನ್ನು ಕುಗ್ಗಿಸಿ. ಅಲ್ಲಿ ನೂರಕ್ಕೆ ನೂರು ಅಂಕ ತೆಗೆಯಲು ದುಡ್ಡು ಸುರಿಯುವುದು ದಂಡ.

ಲಕ್ಷಣ: ಚೆನ್ನಾಗಿ ಬರುತ್ತಿತ್ತು, ಒಮ್ಮೆಲೇ ಬಿದ್ದುಹೋಯಿತು

ಮೊದಲು ಋತುಮಾನ. ತೊಗರಿ ಧಾರಣೆಯ ಪುಟ ರಾಶಿಯ ದಿನಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿ ತನಕ ಏರಿ ಬೇಸಿಗೆಯಲ್ಲಿ ಬಿದ್ದರೆ ಅದು ರೋಗವಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಫಲಿತಾಂಶ, ಎಲ್ಲದಕ್ಕೂ ಇದೇ ಲೆಕ್ಕ. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿ ಇಟ್ಟಿರುತ್ತದೆ, ಹೋದ ವರ್ಷದ ಇದೇ ಋತು ಅಥವಾ ಹಬ್ಬದ ವಾರದ ಜತೆ ಹೋಲಿಸಿ.

ಹೋಲಿಸಿದರೂ ಕುಸಿತವೇ ಎಂದಾದರೆ ಆ ವಾರ ಸೈಟಿನಲ್ಲಿ ಏನು ಬದಲಿಸಿದಿರಿ ನೆನಪಿಸಿಕೊಳ್ಳಿ: ಥೀಮು, ಹೋಸ್ಟಿಂಗು, ಪ್ಲಗಿನ್ನು. ಸೈಟಿನ ಭದ್ರತಾ ಪ್ರಮಾಣಪತ್ರದ (ಎಸ್‌ಎಸ್‌ಎಲ್) ಅವಧಿ ಮುಗಿದು ಬ್ರೌಸರ್ "ಸುರಕ್ಷಿತವಲ್ಲ" ಎನ್ನುತ್ತಿದೆಯೇ ನೋಡಿ. ಆಮೇಲೆ ಕನ್ಸೋಲ್‌ನ ಮ್ಯಾನುಯಲ್ ಆಕ್ಷನ್ಸ್ ಪುಟ. ಅಲ್ಲಿ ಏನಾದರೂ ಬರೆದಿದ್ದರೆ ಗೂಗಲ್‌ನ ಮನುಷ್ಯರೇ ನೋಡಿ ಶಿಕ್ಷೆ ಹಾಕಿದ್ದಾರೆ ಎಂದರ್ಥ. ಕಾರಣ ಸರಿಪಡಿಸಿ ಮರುಪರಿಶೀಲನೆಗೆ ಕೇಳಬೇಕು. ಖಾಲಿ ಇದ್ದರೆ ಗೂಗಲ್ ಸರ್ಚ್ ಸ್ಟೇಟಸ್ ಫಲಕದಲ್ಲಿ ಆ ದಿನಾಂಕದ ಸುತ್ತ ಕೋರ್ ಅಪ್‌ಡೇಟ್ (ಪುಟಗಳಿಗೆ ಸ್ಥಾನ ಕೊಡುವ ವಿಧಾನದಲ್ಲಿ ಗೂಗಲ್ ಮಾಡುವ ದೊಡ್ಡ ಬದಲಾವಣೆ) ಇತ್ತೇ ನೋಡಿ. 2024ರ ಮಾರ್ಚ್‌ನಲ್ಲಿ ಅಂಥದೊಂದು ಅಪ್‌ಡೇಟ್ ಜತೆಗೇ, ಹುಡುಕಾಟವನ್ನು ಮೋಸಗೊಳಿಸಲೆಂದು ರಾಶಿ ರಾಶಿ ಪುಟ ಹುಟ್ಟಿಸುವುದರ ವಿರುದ್ಧ ಹೊಸ ನಿಯಮ ಬಂತು. ಯಂತ್ರದಿಂದ ಬರೆಸಿದರೂ ಕೈಯಿಂದ ಬರೆಸಿದರೂ ಒಂದೇ. ದಿನಕ್ಕೆ ಐವತ್ತು ನೌಕರಿ ಸುದ್ದಿ ಯಂತ್ರದಿಂದ ಉದುರಿಸುವವರು ಇದನ್ನು ಎರಡು ಸಲ ಓದಿ.

ಅಪ್‌ಡೇಟ್ ನಡೆಯುತ್ತಿರುವಾಗ ಗಾಬರಿಯಿಂದ ಎಲ್ಲವನ್ನೂ ಬದಲಿಸಬೇಡಿ. ಪೂರ್ತಿ ಹರಡಿ ಮುಗಿಯಲಿ, ಆಮೇಲೆ ಯಾವ ಪುಟಗಳು ಬಿದ್ದವು ಎಂದು ಒಂದೊಂದೇ ನೋಡಿ.

ಲಕ್ಷಣ: ನಿಮ್ಮ ಸೈಟಿನ ಹೆಸರಿನಲ್ಲಿ ಜಪಾನಿ ಅಕ್ಷರ, ಮಾತ್ರೆ, ಜೂಜಿನ ಪುಟಗಳು

ಇಲ್ಲಿ ನಿಲ್ಲಿ. ಸೈಟ್ ಕೋಲನ್ ಹುಡುಕಾಟದಲ್ಲಿ ನೀವು ಬರೆಯದ ಪುಟಗಳು ಬಂದರೆ ಯಾರೋ ಒಳಗೆ ನುಗ್ಗಿದ್ದಾರೆ. ದುಡ್ಡು ಕೊಡದೆ ಎಲ್ಲಿಂದಲೋ ಇಳಿಸಿಕೊಂಡ ಥೀಮು, ಪ್ಲಗಿನ್ನುಗಳು ಇದಕ್ಕೆ ಹೆದ್ದಾರಿ. ಆ ಪುಟಗಳನ್ನು ಅಳಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ, ಹಿಂಬಾಗಿಲು ಉಳಿದಿರುತ್ತದೆ, ನಾಳೆ ಮತ್ತೆ ಹುಟ್ಟುತ್ತವೆ. ಹೋಸ್ಟಿಂಗ್, ವರ್ಡ್‌ಪ್ರೆಸ್, ಡೇಟಾಬೇಸ್, ಇಮೇಲ್ ಎಲ್ಲದರ ಪಾಸ್‌ವರ್ಡ್ ಬದಲಿಸಿ, ಸರ್ಚ್ ಕನ್ಸೋಲ್‌ನಲ್ಲಿ ಗುರುತಿಲ್ಲದ ಮಾಲೀಕರು ಸೇರಿಕೊಂಡಿದ್ದಾರೆಯೇ ನೋಡಿ, ಹೋಸ್ಟಿಂಗ್‌ನವರಿಗೆ ತಿಳಿಸಿ. ಮುಂದಿನದು ಸರ್ವರ್ ಬಲ್ಲವರ ಕೆಲಸ. ಇದೊಂದಕ್ಕೆ ದುಡ್ಡು ಕೊಟ್ಟು ಕರೆಯುವುದರಲ್ಲಿ ಅರ್ಥವಿದೆ. ಸೈಟಿನಲ್ಲಿ ಗ್ರಾಹಕರ ಫೋನ್ ನಂಬರು, ವಿಳಾಸ ಇದ್ದರೆ ತಡಮಾಡಬೇಡಿ.

ಲಕ್ಷಣ: ಆಡ್‌ಸೆನ್ಸ್ ಅರ್ಜಿ ಮತ್ತೆ ಮತ್ತೆ ತಿರಸ್ಕಾರ

"ಲೋ ವ್ಯಾಲ್ಯೂ ಕಂಟೆಂಟ್" ಎಂದು ಬಂದರೆ ಮೇಲೆ ಹೇಳಿದ ಪತ್ರಿಕಾ ಪ್ರಕಟಣೆಯ ಕತೆಯೇ ಇದು. ಖಾಲಿ ವಿಭಾಗಗಳು, ಥೀಮಿನ ಜತೆ ಬಂದ ಮಾದರಿ ಪುಟಗಳು ಉಳಿದಿದ್ದರೆ ತೆಗೆಯಿರಿ. ಯಾರು ನಡೆಸುತ್ತಾರೆ, ಹೇಗೆ ಸಂಪರ್ಕಿಸಬೇಕು, ಓದುಗರ ಮಾಹಿತಿ ಏನಾಗುತ್ತದೆ ಎಂದು ಹೇಳುವ ಪುಟಗಳಿರಲಿ. ಸೈಟಿನ ಭಾಷೆ ಆಡ್‌ಸೆನ್ಸ್ ಬೆಂಬಲಿಸುವ ಭಾಷೆಗಳ ಪಟ್ಟಿಯಲ್ಲಿದೆಯೇ ಎಂದು ಅವರ ಸಹಾಯ ಪುಟದಲ್ಲಿ ನೋಡಿಕೊಂಡೇ ಅರ್ಜಿ ಹಾಕಿ. ತಿರಸ್ಕಾರವಾದ ಮರುದಿನವೇ ಏನೂ ಬದಲಿಸದೆ ಮತ್ತೆ ಅರ್ಜಿ ಒತ್ತುವುದರಿಂದ ಪ್ರಯೋಜನವಿಲ್ಲ.

ಒಬ್ಬರಿಗೆ ಒಂದೇ ಖಾತೆ. ಟೆಲಿಗ್ರಾಮ್‌ನಲ್ಲಿ "ಅಪ್ರೂವ್ ಆದ ಖಾತೆ ಮಾರಾಟಕ್ಕಿದೆ" ಎನ್ನುವವರಿಂದ ಕೊಂಡರೆ ಖಾತೆಯೂ ಹೋಗುತ್ತದೆ, ಕೊಟ್ಟ ದುಡ್ಡೂ ಹೋಗುತ್ತದೆ.

ಲಕ್ಷಣ: ಮಂಜೂರಾಗಿದೆ, ಜಾಹೀರಾತಿನ ಜಾಗ ಮಾತ್ರ ಖಾಲಿ

ನಿಮ್ಮ ಬ್ರೌಸರ್‌ನ ಜಾಹೀರಾತು ತಡೆ ಆರಿಸಿ, ಬೇರೆಯವರ ಫೋನಿನಲ್ಲಿ ನೋಡಿ. ಅರ್ಧದಷ್ಟು ದೂರು ಇಲ್ಲಿಗೇ ಮುಗಿಯುತ್ತದೆ. ಹೊಸದಾಗಿ ಹಾಕಿದ ಕೋಡ್ ಆದರೆ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಆಡ್ಸ್ ಡಾಟ್ ಟೆಕ್ಸ್ಟ್ ಕಡತ. ಆಡ್‌ಸೆನ್ಸ್ ಕೊಟ್ಟ ಸಾಲನ್ನು ಹಾಗೆಯೇ ಕಾಪಿ ಮಾಡಿ ಡೊಮೇನ್‌ನ ಬೇರಿನಲ್ಲಿಯೇ ಇಡಬೇಕು, ಒಳಗಿನ ಫೋಲ್ಡರ್‌ನಲ್ಲಿ ಇಟ್ಟರೆ ಆಗದು. ಇಟ್ಟ ಮೇಲೂ ಎಚ್ಚರಿಕೆ ಹೋಗಲು ಕೆಲವು ದಿನ ಬೇಕು.

ಪಾಲಿಸಿ ಸೆಂಟರ್‌ನಲ್ಲಿ ಜಾಹೀರಾತು ಮಿತಿ ಹಾಕಲಾಗಿದೆ ಎಂದಿದ್ದರೆ ವಿಷಯ ಗಂಭೀರ. ಅಮಾನ್ಯ ಟ್ರಾಫಿಕ್ ಎಂಬ ಕಾರಣ ಕಂಡರೆ ನೇರವಾಗಿ ಕೇಳುತ್ತೇನೆ: ವಾಟ್ಸಾಪ್ ಗುಂಪಿನಲ್ಲಿ "ಅಣ್ಣಾ, ಲಿಂಕ್ ಒತ್ತಿ, ಒಳಗಿನ ಆಡ್ ಮ್ಯಾಲೂ ಒಂದ್ ಸಲ ಒತ್ತಿಬಿಡ್ರಿ" ಎಂದು ಹಾಕಿದ್ದೀರಾ? ಮನೆಯವರು, ಗೆಳೆಯರು ಪ್ರೀತಿಯಿಂದ ದಿನಾ ಒತ್ತುತ್ತಿದ್ದಾರಾ? ನಿಮ್ಮ ಜಾಹೀರಾತನ್ನು ನೀವೇ ಒತ್ತುವುದು, ಒತ್ತಲು ಹೇಳುವುದು, ದುಡ್ಡು ಕೊಟ್ಟು ನಕಲಿ ಭೇಟಿಗಳನ್ನು ತರಿಸುವುದು, ಮೂರೂ ನಿಯಮಕ್ಕೆ ವಿರುದ್ಧ. ನಿಲ್ಲಿಸಿ ಕಾಯಿರಿ. ಮಿತಿ ಬಹುತೇಕ 30 ದಿನದೊಳಗೆ ತೆರವಾಗುತ್ತದೆ, ಇನ್ನೂ ಉದ್ದವಾಗುವುದೂ ಉಂಟು. ಮಿತಿ ತೆಗೆಸಿಕೊಡುತ್ತೇನೆ ಎಂದು ಹಣ ಕೇಳುವವರ ಕೈಯಲ್ಲಿ ಏನೂ ಇಲ್ಲ.

ಲಕ್ಷಣ: ಜಾಹೀರಾತು ಕಾಣುತ್ತದೆ, ಗಳಿಕೆ ಪುಡಿಗಾಸು

ಇದು ಬಹಳ ಸಲ ದೋಷವೇ ಅಲ್ಲ. ಆಡ್‌ಸೆನ್ಸ್‌ನಲ್ಲಿ ಪೇಜ್ ಆರ್‌ಪಿಎಂ ಎಂಬ ಅಂಕಿ ಇದೆ: ಗಳಿಕೆಯನ್ನು ಪುಟವೀಕ್ಷಣೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದ್ದು. ಉದಾಹರಣೆಗೆ 5000 ವೀಕ್ಷಣೆಗೆ 2 ಡಾಲರ್ ಬಂದರೆ ಆರ್‌ಪಿಎಂ 0.40. ಇದೇ ದರದಲ್ಲಿ ಪಾವತಿಯ ಕನಿಷ್ಠ ಮೊತ್ತವಾದ 100 ಡಾಲರ್ ಮುಟ್ಟಲು ಎರಡೂವರೆ ಲಕ್ಷ ವೀಕ್ಷಣೆ ಬೇಕು. ನಿಮ್ಮ ಅಂಕಿ ಹಾಕಿ ಈ ಲೆಕ್ಕ ಮಾಡಿ. ಹೆಚ್ಚಿನವರ ಕಷ್ಟ ಜಾಹೀರಾತಿನದಲ್ಲ, ಓದುಗರ ಸಂಖ್ಯೆಯದು ಎಂದು ಅಲ್ಲೇ ಗೊತ್ತಾಗುತ್ತದೆ. ಹಾಗಾದರೆ ಮೇಲಿನ ವಿಭಾಗಗಳಿಗೆ ವಾಪಸ್ ಹೋಗಿ.

ವೀಕ್ಷಣೆ ಅಷ್ಟೇ ಇದ್ದು ಆರ್‌ಪಿಎಂ ಮಾತ್ರ ಬಿದ್ದರೆ ಜಾಹೀರಾತುದಾರರು ಕಡಿಮೆ ಕೊಡುತ್ತಿದ್ದಾರೆ ಎಂದರ್ಥ. ಹಬ್ಬದ ಸೀಸನ್ ಮುಗಿದ ಮೇಲೆ ಇದು ಸಾಮಾನ್ಯ. ಪುಟದ ತುಂಬ ಜಾಹೀರಾತು ತುರುಕಿದರೆ ಓದುತ್ತಿದ್ದ ಸಾಲು ಕೆಳಕ್ಕೆ ಜಿಗಿಯುತ್ತದೆ, ಓದುಗ ಹೊರಡುತ್ತಾನೆ. ಜಾಹೀರಾತಿನ ಜಾಗದ ಎತ್ತರ ಮೊದಲೇ ಗೊತ್ತುಮಾಡಿ ಬಿಡಿ.

ನನ್ನ ಅಭಿಪ್ರಾಯ ಕೇಳಿದರೆ, ದಿನಕ್ಕೆ ಕೆಲವೇ ನೂರು ಜನ ಓದುವ ಜಿಲ್ಲಾ ಸೈಟಿಗೆ ಆಡ್‌ಸೆನ್ಸ್‌ಗಿಂತ ಊರಿನ ಜಾಹೀರಾತೇ ಲೇಸು. ಓದುವವರೆಲ್ಲ ಬೀದರ್‌ನವರೇ ಎಂದು ಸರ್ಚ್ ಕನ್ಸೋಲ್‌ನ ಹುಡುಕಾಟದ ಪದಗಳನ್ನೇ ತೋರಿಸಿ ಗಾಂಧಿಗಂಜಿನ ಬೀಜ ಗೊಬ್ಬರದ ಅಂಗಡಿಯವರನ್ನು ಕೇಳಿ. ತಿಂಗಳಿಗೆ ಇಷ್ಟೆಂದು ಬ್ಯಾನರ್ ಹಾಕಿ, ಮೇಲೆ ಜಾಹೀರಾತು ಎಂದು ಬರೆಯಿರಿ. ಕೊಂಡಿ ಕೊಟ್ಟರೆ ಅದರ ಕೋಡಿನಲ್ಲಿ ಸ್ಪಾನ್ಸರ್ಡ್ ಗುರುತು (ಇದು ದುಡ್ಡು ಪಡೆದ ಕೊಂಡಿ ಎಂದು ಗೂಗಲ್‌ಗೆ ಹೇಳುವುದು) ಹಚ್ಚಬೇಕು. ದುಡ್ಡು ಪಡೆದ ಕೊಂಡಿಯನ್ನು ಹಾಗೆಯೇ ಬಿಟ್ಟರೆ ಗೂಗಲ್‌ನ ಸ್ಪ್ಯಾಮ್ ನಿಯಮ ಮೀರಿದಂತೆ.

ಲಕ್ಷಣ: ಖಾತೆಯಲ್ಲಿ ಡಾಲರ್ ಇದೆ, ಬ್ಯಾಂಕಿಗೆ ಬರುತ್ತಿಲ್ಲ

100 ಡಾಲರ್ ಮುಟ್ಟಿದೆಯೇ ಮೊದಲು ನೋಡಿ. ಮುಟ್ಟಿದ್ದರೆ, ತಡೆ ಇಲ್ಲದಿದ್ದಲ್ಲಿ, ಮುಂದಿನ ತಿಂಗಳ 21ರಿಂದ 26ರ ನಡುವೆ ಕಳಿಸುತ್ತಾರೆ. ತಡೆ ಇದ್ದರೆ ಪಾವತಿ ಪುಟದಲ್ಲೇ ಬರೆದಿರುತ್ತದೆ.

ನಮ್ಮ ಕಡೆಯ ದೊಡ್ಡ ತಡೆ ಪಿನ್ ಲಕೋಟೆ. ಗಳಿಕೆ 10 ಡಾಲರ್ ಆದಾಗ ವಿಳಾಸ ಖಾತ್ರಿಗೆಂದು ಆರಂಕಿಯ ಪಿನ್ ಅಂಚೆಯಲ್ಲಿ ಕಳಿಸುತ್ತಾರೆ. ಬರುವುದು ಸಾದಾ ಅಂಚೆಯಲ್ಲಿ, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವಿಳಾಸದಲ್ಲಿ "ಹನುಮಾನ್ ಗುಡಿ ಹತ್ತಿರ, ಶಹಾಪುರ" ಎಂದಷ್ಟೇ ಬರೆದರೆ ಶಹಾಪುರದಲ್ಲಿ ಹನುಮಾನ್ ಗುಡಿ ಒಂದೇ ಇದೆಯೇ? ಮನೆ ನಂಬರು, ಓಣಿ, ಅಂಚೆ ಕಚೇರಿಯ ಹೆಸರು, ತಾಲೂಕು, ಪಿನ್‌ಕೋಡು, ಜತೆಗೆ ಅಂಚೆಯಣ್ಣನಿಗೆ ಗುರುತಿರುವ ಹಿರಿಯರ ಹೆಸರು ವಿಳಾಸದ ಸಾಲಿನಲ್ಲೇ ಇರಲಿ. ಹಳ್ಳಿಯಾದರೆ ಶಾಖಾ ಅಂಚೆ ಕಚೇರಿಗೆ ಹೋಗಿ "ಕಾಕಾ, ಹೊರದೇಶದ ಒಂದು ಕಾಗದ ಬರೋದದ ರೀ, ಬಂದ್ರ ಇಟ್ಟಿರ್ರಿ" ಎಂದು ಹೇಳಿಬನ್ನಿ. ಮೂರು ವಾರವಾದರೂ ಬರದಿದ್ದರೆ ಇನ್ನೊಂದಕ್ಕೆ ಕೇಳಬಹುದು. ಪಿನ್ ತಪ್ಪಾಗಿ ಮೂರು ಸಲ ಒತ್ತಿದರೆ ಜಾಹೀರಾತು ನಿಲ್ಲುತ್ತದೆ, ಮೊದಲ ಪಿನ್ ಹೊರಟ ನಾಲ್ಕು ತಿಂಗಳೊಳಗೆ ಹಾಕದಿದ್ದರೂ ನಿಲ್ಲುತ್ತದೆ. ಯಾರಾದರೂ ಫೋನ್ ಮಾಡಿ ಆ ಪಿನ್ ಕೇಳಿದರೆ ಹೇಳಬೇಡಿ.

ಪಿನ್ ಆಗಿದ್ದೂ ಬರದಿದ್ದರೆ ಹೆಸರು ನೋಡಿ. ಆಡ್‌ಸೆನ್ಸ್ ಪಾವತಿ ಖಾತೆಯಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ತಂದೆಯ ಹೆಸರು ಸೇರಿದ ಇನ್ನೊಂದು ಹೆಸರು ಇದ್ದರೆ ಬ್ಯಾಂಕು ಹಿಂದಕ್ಕೆ ಕಳಿಸಬಹುದು. ತೆರಿಗೆ ಮಾಹಿತಿಯ ಭಾಗ ತುಂಬಿದೆಯೇ ನೋಡಿ, ಪ್ಯಾನ್ ಎದುರಿಗಿಟ್ಟುಕೊಂಡು ತುಂಬಿ. ಆಮೇಲೆ ಸ್ವಿಫ್ಟ್ ಕೋಡು, ಅಂದರೆ ಹೊರದೇಶದ ಹಣ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಸಂಕೇತ. ಸಣ್ಣ ಶಾಖೆಗೆ ತನ್ನದೇ ಕೋಡು ಇರುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಹಾಕದೆ ನಿಮ್ಮ ಶಾಖೆಯಲ್ಲಿ, ಹೊರದೇಶದಿಂದ ಹಣ ಬಂದರೆ ಯಾವ ಕೋಡಿನ ಮೂಲಕ ಬರುತ್ತದೆ ಎಂದು ಕೇಳಿ ಬರೆಸಿಕೊಳ್ಳಿ. ಹಣ ಬಂದಾಗ ಯಾವ ಉದ್ದೇಶದ್ದು ಎಂದು ಬ್ಯಾಂಕಿನವರು ಕೇಳುತ್ತಾರೆ. ಜಾಹೀರಾತು ಸೇವೆಯ ಗಳಿಕೆ ಎಂದು ಹೇಳಿ, ಆಡ್‌ಸೆನ್ಸ್‌ನ ಪಾವತಿ ರಸೀದಿಯ ಪ್ರತಿ ಕೊಡಿ.

ಕಳಿಸಿದ್ದೇವೆ ಎಂದು ಆಡ್‌ಸೆನ್ಸ್ ತೋರಿಸುತ್ತಿದ್ದು, ಹದಿನೈದು ದಿನವಾದರೂ ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಆ ರಸೀದಿ ಹಿಡಿದು ಶಾಖೆಯಲ್ಲಿ ವಿದೇಶಿ ವಿನಿಮಯ ನೋಡುವವರನ್ನೇ ಕಾಣಿ. ಕೌಂಟರ್‌ನಲ್ಲಿ ಎನ್‌ಇಎಫ್‌ಟಿ ನೋಡುವವರಿಗೆ ಅದು ಕಾಣಿಸುವುದಿಲ್ಲ.